ಬಾತ್‌ರೂಮು, ಬಾಲ್ಕನಿಗೆ ಟಫನ್ಡ್ ಗ್ಲಾಸ್ ಹಾಕಿಸಬಹುದಾ? ತಾನಾಗೇ ಒಡೆಯುತ್ತೆ ಅಂತಾರಲ್ಲ!

ದಾವಣಗೆರೆ ಮಂಜು
ನಮಸ್ಕಾರ ಎಲ್ಲರಿಗೂ. ಮನೆ ಕಟ್ಟಿಸುತ್ತಿದ್ದೇನೆ, ಗಾರೆ ಕೆಲಸ ಮುಗಿಯುತ್ತ ಬಂತು. ಮೂರು ಕಡೆ ಗಾಜು ಬರುತ್ತದೆ. ಬಾತ್‌ರೂಮಿನಲ್ಲಿ ಸ್ನಾನದ ಜಾಗಕ್ಕೆ ಅಡ್ಡ ಪಾರ್ಟಿಷನ್, ಒಳಗಿನ ಮೆಟ್ಟಿಲಿನ ರೇಲಿಂಗ್, ಮೊದಲ ಮಹಡಿಯ ಬಾಲ್ಕನಿ ರೇಲಿಂಗ್. ಎಂಜಿನಿಯರ್ ಮೂರಕ್ಕೂ ಒಂದೇ ಮಾತು ಹೇಳುತ್ತಾರೆ: "12 ಎಂ.ಎಂ. ಟಫನ್ಡ್ ಹಾಕಿಸಿ, ತಲೆನೋವಿಲ್ಲ." ಗಾಜಿನವನಂತೂ ಆನೆ ಗುದ್ದಿದರೂ ಒಡೆಯಲ್ಲ ಅಂತಾನೆ.

ಅಪ್ಪ ಒಪ್ಪುತ್ತಿಲ್ಲ. ಬೆಂಗಳೂರಿನಲ್ಲಿ ನಮ್ಮ ನೆಂಟರ ಫ್ಲಾಟಿನಲ್ಲಿ ಇದೇ ಟಫನ್ಡ್ ಗಾಜು ನಡುರಾತ್ರಿ, ಯಾರೂ ಮುಟ್ಟದೆ, ಢಂ ಅಂತ ಪುಡಿಯಾಯಿತು. ಬಾತ್‌ರೂಮಿನ ತುಂಬ ಹರಳು. "ತಾನಾಗೇ ಸಿಡಿಯುವ ವಸ್ತುವನ್ನು ಮಕ್ಕಳಿರುವ ಮನೆಗೆ ಯಾಕೆ ತರಬೇಕು" ಅನ್ನುವುದು ಅಪ್ಪನ ಪ್ರಶ್ನೆ. ಮಾಮೂಲಿ ಗಾಜಿಗಿಂತ ಐದು ಪಟ್ಟು ಗಟ್ಟಿ ಅಂತಾರಲ್ಲ, ಅದೂ ನಿಜವಾ, ತಾನಾಗೇ ಒಡೆಯುವುದೂ ನಿಜವಾ? ಎರಡೂ ಹೇಗೆ ನಿಜ ಆಗುತ್ತೆ? ಗೊತ್ತಿರುವವರು ಹೇಳಿ.

ಬೆಣ್ಣೆದೋಸೆ
ಬಾಲ್ಕನಿಗೆ ಸ್ಟೀಲ್ ಗ್ರಿಲ್ ಹಾಕಿಸಿ, ಬಾತ್‌ರೂಮಿಗೆ ಪ್ಲಾಸ್ಟಿಕ್ ಪರದೆ ಕಟ್ಟಿ. ಮುಗೀತು ಚರ್ಚೆ.

ಗಾಜಿನಂಗಡಿ ಮಗ
ಚರ್ಚೆ ಈಗ ಶುರು ದೋಸೆಯವರೇ.

ಮಂಜು ಅವರೇ, ನಮ್ಮದು ತಂದೆ ಕಾಲದಿಂದ ಗಾಜಿನ ವ್ಯಾಪಾರ. ಮೊದಲು ಇದು ಹೇಗೆ ಆಗುತ್ತದೆ ಅಂತ ತಿಳಿದರೆ ಅರ್ಧ ಪ್ರಶ್ನೆಗೆ ಉತ್ತರ ಸಿಗುತ್ತದೆ. ಮಾಮೂಲಿ ಗಾಜನ್ನೇ ಬೇಕಾದ ಅಳತೆಗೆ ಕಟ್ ಮಾಡಿ, ಅಂಚು ಪಾಲಿಶ್ ಹಾಕಿ, ಹಿಂಜಿಗೆ, ಹಿಡಿಕೆಗೆ ತೂತು ಕೊರೆದು ಕುಲುಮೆಗೆ ಕಳಿಸುತ್ತಾರೆ. ಸುಮಾರು 620ರಿಂದ 650 ಡಿಗ್ರಿ ಸೆಲ್ಸಿಯಸ್ ಬಿಸಿ ಆದ ಮೇಲೆ ಹೊರಗೆ ತಂದು, ಎರಡೂ ಕಡೆಯಿಂದ ಜೋರಾಗಿ ಗಾಳಿ ಹೊಡೆದು ಸೆಕೆಂಡುಗಳಲ್ಲಿ ತಣ್ಣಗೆ ಮಾಡುತ್ತಾರೆ. ಅಷ್ಟೇ. ಬೇರೆ ಕೆಮಿಕಲ್ಲು, ಕೋಟಿಂಗು ಏನೂ ಇಲ್ಲ.

ಒಂದು ಸಲ ಟಫನ್ ಆಯಿತು ಅಂದರೆ ಆಯಿತು. ಆಮೇಲೆ ಕಟ್ ಮಾಡಲು, ತೂತು ಹಾಕಲು, ಅಂಚು ಉಜ್ಜಲು ಆಗಲ್ಲ. "ಸೈಟಿನಲ್ಲಿ ಅಡ್ಜಸ್ಟ್ ಮಾಡಿಕೊಡ್ತೀನಿ" ಅಂತ ಯಾರಾದರೂ ಹೇಳಿದರೆ ಅದು ಟಫನ್ಡ್ ಅಲ್ಲ, ಇಲ್ಲವೇ ಆ ಮನುಷ್ಯ ಕಸುಬಿನವನಲ್ಲ. ಅದಕ್ಕೇ ಟೈಲ್ಸ್ ಕೆಲಸ ಪೂರ್ತಿ ಮುಗಿದ ಮೇಲೆ ಅಳತೆ ಕೊಡಿ. ಡ್ರಾಯಿಂಗ್ ನೋಡಿ ಆರ್ಡರ್ ಹಾಕಿ ಆಮೇಲೆ ಅರ್ಧ ಇಂಚು ಜಾಸ್ತಿ ಬಂತು ಅಂತ ನಮ್ಮ ಹತ್ತಿರ ಅಳುವವರು ಬಹಳ ಜನ.

ಹುಬ್ಬಳ್ಳಿ ಹುಡುಗ
ಅದೆಲ್ಲ ಸರಿ, ತಾನಾಗೇ ಯಾಕೆ ಒಡೆಯುತ್ತದೆ ಅಂತ ಹೇಳಲಿಲ್ಲವಲ್ಲ. ನಮ್ಮ ಮನೆಯಲ್ಲಿ ಗ್ಲಾಸ್ ಟಾಪ್ ಗ್ಯಾಸ್ ಒಲೆ ಹಿಂಗೇ ಸಿಡಿಯಿತು. ಅವ್ವ ಆಗತಾನೇ ಹಾಲು ಇಳಿಸಿ ಹಿತ್ತಲಿಗೆ ಹೋಗಿದ್ದರು. ಬಂದು ನೋಡಿದರೆ ಒಲೆ ಇದ್ದ ಜಾಗದಲ್ಲಿ ಬರ್ನರ್ ಮಾತ್ರ ನಿಂತಿತ್ತು!

ಮೆಟೀರಿಯಲ್ ಮೇಷ್ಟ್ರು
ಎಂಜಿನಿಯರಿಂಗ್ ಕಾಲೇಜಿನಲ್ಲಿ ಇದೇ ಪಾಠ ಮಾಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ತಡೆದುಕೊಳ್ಳಿ.

ಗಾಳಿ ಹೊಡೆದಾಗ ಗಾಜಿನ ಹೊರಮೈ ಮೊದಲು ತಣ್ಣಗಾಗಿ ಗಟ್ಟಿಯಾಗುತ್ತದೆ. ಒಳಗಿನ ಭಾಗ ಇನ್ನೂ ಬಿಸಿ. ಅದು ನಿಧಾನವಾಗಿ ತಣ್ಣಗಾಗುತ್ತ ಕುಗ್ಗಲು ನೋಡುತ್ತದೆ. ಆದರೆ ಹೊರಮೈ ಆಗಲೇ ಸೆಟೆದು ನಿಂತಿದೆ, ಜೊತೆಗೆ ಬರಲ್ಲ. ಹೀಗಾಗಿ ಒಳಭಾಗ ಹೊರಮೈಯನ್ನು ಒಳಕ್ಕೆ ಎಳೆಯುತ್ತಲೇ ಇರುತ್ತದೆ. ಹೊರಮೈ ಒತ್ತಡದಲ್ಲಿ, ಒಳಭಾಗ ಎಳೆತದಲ್ಲಿ. ಗಾಜು ಇರುವಷ್ಟು ದಿನವೂ ಈ ಜಗ್ಗಾಟ ಇದ್ದೇ ಇರುತ್ತದೆ.

ಇದರಿಂದ ಲಾಭ ಏನು? ಗಾಜು ಒಡೆಯುವುದು ಮೇಲ್ಮೈಯಲ್ಲಿರುವ ಕಣ್ಣಿಗೆ ಕಾಣದ ಬಿರುಕು ಬಾಯಿ ತೆರೆದಾಗ. ಸಾಲು ಪುಸ್ತಕಗಳನ್ನು ಎರಡೂ ತುದಿಯಿಂದ ಬಿಗಿಯಾಗಿ ಒತ್ತಿ ಎತ್ತಿದರೆ ನಡುವಿನವು ಬೀಳಲ್ಲ ಅಲ್ವಾ, ಹಾಗೇ ಇಲ್ಲಿ ಒತ್ತಡವು ಬಿರುಕಿನ ಬಾಯಿ ಮುಚ್ಚಿ ಹಿಡಿದಿರುತ್ತದೆ. ಅಮೆರಿಕದ ಎ.ಎಸ್.ಟಿ.ಎಂ. ಮಾನದಂಡದಲ್ಲಿ ಪೂರ್ತಿ ಟೆಂಪರ್ (ಟಫನ್‌ಗೇ ಇನ್ನೊಂದು ಹೆಸರು) ಆದ ಗಾಜಿನ ಹೊರಮೈ ಒತ್ತಡ ಕನಿಷ್ಠ 69 ಮೆಗಾಪಾಸ್ಕಲ್ ಇರಬೇಕು. ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 700 ಕೆ.ಜಿ. ಹೊರಗಿನ ಪೆಟ್ಟು ಮೊದಲು ಇದನ್ನು ಗೆಲ್ಲಬೇಕು, ಆಮೇಲೆ ಬಿರುಕು. ನಾಲ್ಕೈದು ಪಟ್ಟು ಗಟ್ಟಿ ಅನ್ನುವ ಮಾತು ಬಂದಿದ್ದು ಇಲ್ಲಿಂದ.

ಈ ಒತ್ತಡದ ಪದರ ಒಂದೊಂದು ಕಡೆಯೂ ದಪ್ಪದ ಐದನೇ ಒಂದು ಭಾಗದಷ್ಟು ಮಾತ್ರ. 10 ಎಂ.ಎಂ. ಗಾಜಿನಲ್ಲಿ ಆ ಪದರ 2 ಎಂ.ಎಂ. ಇರುತ್ತದೆ. ಬಿರುಕು ಅದನ್ನು ದಾಟಿ ನಡುವಿನ ಎಳೆತಕ್ಕೆ ಸಿಕ್ಕಿತೋ, ಕೂಡಿಟ್ಟ ಶಕ್ತಿ ಎಲ್ಲ ಒಮ್ಮೆಗೇ ಹೊರಬರುತ್ತದೆ. ಅರ್ಧ ಒಡೆಯುವುದು, ಮೂಲೆಯಲ್ಲಿ ಸೀಳುವುದು ಅಂತ ಇಲ್ಲ. ಪೂರ್ತಿ ಗಾಜು ಹರಳು ಹರಳು. ಅದೇ ಇದರ ಸುರಕ್ಷತೆ ಕೂಡ. ಚೂರಿಯಂಥ ಉದ್ದನೆ ತುಂಡು ಬರಲ್ಲ. ಯುರೋಪಿನ ಇ.ಎನ್. 12150 ಪರೀಕ್ಷೆಯಲ್ಲಿ ಗಾಜು ಒಡೆದು, 5 ಸೆಂಟಿಮೀಟರ್ ಉದ್ದ ಅಗಲದ ಚೌಕದಲ್ಲಿ ಎಷ್ಟು ಚೂರು ಇದೆ ಅಂತ ಎಣಿಸುತ್ತಾರೆ. 4ರಿಂದ 12 ಎಂ.ಎಂ. ದಪ್ಪದ ಗಾಜಿಗೆ ಕನಿಷ್ಠ 40 ಇರಬೇಕು.

ಹೀಗಾಗಿ ಮಂಜು ಅವರೇ, ನಿಮ್ಮ ಅಪ್ಪ ಕೇಳಿದ್ದೂ ಸರಿ, ಎಂಜಿನಿಯರ್ ಹೇಳಿದ್ದೂ ಸರಿ. ಗಟ್ಟಿತನಕ್ಕೂ ಸಿಡಿತಕ್ಕೂ ಮೂಲ ಒಂದೇ.

ಹುಬ್ಬಳ್ಳಿ ಹುಡುಗ
ಮೇಷ್ಟ್ರೇ ಚೆನ್ನಾಗಿ ಹೇಳಿದಿರಿ, ಆದರೆ ಯಾರೂ ಮುಟ್ಟದೆ ಬಿರುಕು ನಡುವಿಗೆ ಹೆಂಗೆ ಹೋಯಿತು? ದೆವ್ವ ಬಂದು ಗುದ್ದಿತಾ?

ಮೆಟೀರಿಯಲ್ ಮೇಷ್ಟ್ರು
ದೆವ್ವದ ಹೆಸರು ನಿಕ್ಕಲ್ ಸಲ್ಫೈಡ್. ಗಾಜು ಕರಗಿಸುವಾಗ ಎಲ್ಲಿಂದಲೋ ನಿಕ್ಕಲ್ ಚೂರು ಸೇರಿ ಗಂಧಕದ ಜೊತೆ ಕೂಡಿ ಸಣ್ಣ ಕಣವಾಗುತ್ತದೆ. ಸಾಮಾನ್ಯವಾಗಿ ಒಂದು ಎಂ.ಎಂ.ಗಿಂತ ಎಷ್ಟೋ ಚಿಕ್ಕದು. ಹೆಚ್ಚು ಬಿಸಿಯಲ್ಲಿ ಈ ಕಣ ಒಂದು ರೂಪದಲ್ಲಿರುತ್ತದೆ, ತಣ್ಣಗಾದಾಗ ಇನ್ನೊಂದು ರೂಪಕ್ಕೆ ಬದಲಾಗಬೇಕು. ಗಾಳಿ ಹೊಡೆದು ಅವಸರದಲ್ಲಿ ತಣ್ಣಗೆ ಮಾಡಿದರೆ ಅದಕ್ಕೆ ಬದಲಾಗಲು ಸಮಯವೇ ಸಿಗಲ್ಲ. ಆಮೇಲೆ ಗೋಡೆಯಲ್ಲಿ ಕೂತ ಮೇಲೆ ತಿಂಗಳು, ವರ್ಷಗಟ್ಟಲೆ ನಿಧಾನವಾಗಿ ಬದಲಾಗುತ್ತದೆ. ಬದಲಾದಾಗ ಗಾತ್ರ 2ರಿಂದ 4 ಶೇಕಡ ಹಿಗ್ಗುತ್ತದೆ. ಅದು ಎಳೆತದ ಜಾಗದಲ್ಲಿದ್ದರೆ ಅಷ್ಟು ಸಾಕು. ಹಗಲು, ರಾತ್ರಿ, ಯಾರಿದ್ದಾರೆ, ಇಲ್ಲ ಅಂತ ನೋಡಲ್ಲ.

ಕರಾವಳಿ ಕಿಟ್ಟಿ
ನಾನು ಒಪ್ಪಲ್ಲ. ನಿಕ್ಕಲ್ ಕಥೆ ಫಿಟ್ಟಿಂಗ್ ಮಾಡುವವರಿಗೆ ಒಳ್ಳೆ ನೆಪ ಆಗಿಬಿಟ್ಟಿದೆ. ಏನು ಒಡೆದರೂ "ಸಾರ್, ಅದು ನಿಕ್ಕಲ್, ನಮ್ಮ ಕೈಲಿಲ್ಲ". ಮಂಗಳೂರಿನಲ್ಲಿ ನಾನು ನೋಡಿದ ಒಡೆದ ಪಾರ್ಟಿಷನ್‌ಗಳಲ್ಲಿ ಕಾರಣ ಎದುರಿಗೇ ಇತ್ತು. ಹಿಂಜಿಗೂ ಗಾಜಿಗೂ ನಡುವೆ ಗ್ಯಾಸ್ಕೆಟ್ (ಮೆತ್ತನೆ ರಬ್ಬರ್ ಪಟ್ಟಿ) ಇಲ್ಲ, ಲೋಹ ನೇರ ಗಾಜಿಗೆ ತಾಗಿಸಿ ಸ್ಕ್ರೂ ಬಿಗಿದಿದ್ದಾರೆ. ಇಲ್ಲವೇ ಬಾಗಿಲಿನ ಕೆಳಮೂಲೆ ಟೈಲ್ಸಿಗೆ ಉಜ್ಜುತ್ತಿದೆ. ಇಲ್ಲವೇ ತೂತಿನ ಅಂಚಿನಲ್ಲಿ ಚಿಪ್ಪು ಎದ್ದಿದೆ. ಹಾಕಿದ ದಿನ ಒಡೆಯಲ್ಲ, ಆರು ತಿಂಗಳು ಬಿಟ್ಟು ಬಾಗಿಲು ಮುಚ್ಚುವಾಗ ಒಡೆಯುತ್ತದೆ. ಜನ "ತಾನಾಗೇ" ಅಂತಾರೆ.

ಗಾಜಿನಂಗಡಿ ಮಗ
ಕಿಟ್ಟಿ ಹೇಳಿದ್ದರಲ್ಲಿ ಬಹಳ ಹುರುಳಿದೆ, ನಮ್ಮವರೇ ಬೈದುಕೊಂಡರೂ ಪರವಾಗಿಲ್ಲ. ಟಫನ್ಡ್ ಗಾಜಿನ ಮುಖಕ್ಕೆ ಗುದ್ದಿದರೆ ತಡೆಯುತ್ತದೆ, ಅಂಚು, ಮೂಲೆ ಮಾತ್ರ ನಾಜೂಕು ಜಾಗ. ಲಾರಿಯಿಂದ ಇಳಿಸುವಾಗ ಮೂಲೆಯನ್ನು ಬರಿ ನೆಲಕ್ಕೆ ಊರಿದರೆ ಮುಗೀತು. 3 ಅಡಿ, 7 ಅಡಿಯ 10 ಎಂ.ಎಂ. ಗಾಜು ಹತ್ತಿರ ಹತ್ತಿರ 50 ಕೆ.ಜಿ. ತೂಗುತ್ತದೆ. ಅಷ್ಟೂ ಭಾರ ಒಂದು ಮೂಲೆಯ ಮೇಲೆ ಕೂತರೆ ಏನಾಗಬೇಕು?

ಆದರೆ ನಿಕ್ಕಲ್ ನೆಪ ಅಷ್ಟೇ ಅಲ್ಲ, ಇರುವುದೂ ಹೌದು. ಒಡೆದ ಗಾಜು ಚೌಕಟ್ಟಿನಲ್ಲೇ ನಿಂತಿದ್ದರೆ ಬಿರುಕುಗಳು ಎಲ್ಲಿಂದ ಹೊರಟಿವೆ ನೋಡಿ. ನಟ್ಟನಡುವೆ ಎರಡು ದೊಡ್ಡ ಚೂರು ಚಿಟ್ಟೆಯ ರೆಕ್ಕೆ ಆಕಾರದಲ್ಲಿ ಅಂಟಿಕೊಂಡಿದ್ದು, ಅವುಗಳ ನಡುಗೆರೆಯಲ್ಲಿ ಚುಕ್ಕೆ ಇದ್ದರೆ ನಿಕ್ಕಲ್ ಇರಬಹುದು. ಹಿಂಜಿನ ಹತ್ತಿರದಿಂದ ಹೊರಟಿದ್ದರೆ ಫಿಟ್ಟಿಂಗ್ ಮಾಡಿದವನನ್ನು ಹಿಡಿಯಿರಿ.

ಕರಾವಳಿ ಕಿಟ್ಟಿ
ಬಾತ್‌ರೂಮಿನ ಗಾಜು ಚೌಕಟ್ಟಿನಲ್ಲಿ ನಿಲ್ಲುತ್ತದಾ ಮಾರಾಯರೇ? ಎಲ್ಲ ನೆಲಕ್ಕೆ ಬಿದ್ದ ಮೇಲೆ ಚಿಟ್ಟೆ ಹುಡುಕುವವರು ಯಾರು?

ಗಾಜಿನಂಗಡಿ ಮಗ
ಅದೂ ನಿಜ 😄

ಫಸಾಡ್ ಪೂರ್ಣಿಮಾ
ನಾನು ಕಟ್ಟಡಗಳ ಗಾಜಿನ ಹೊರಗೋಡೆ ಡಿಸೈನ್ ಮಾಡುವ ಕೆಲಸದಲ್ಲಿದ್ದೇನೆ. ಇಷ್ಟು ಹೊತ್ತು ಎಲ್ಲರೂ ಒಡೆಯುತ್ತಾ, ಒಡೆಯಲ್ವಾ ಅಂತ ವಾದ ಮಾಡುತ್ತಿದ್ದೀರಿ. ನಾವು ಕೇಳುವ ಪ್ರಶ್ನೆ ಬೇರೆ: ಒಡೆದ ಮೇಲೆ ಏನಾಗುತ್ತದೆ?

ಬಾತ್‌ರೂಮಿನಲ್ಲಿ ಒಡೆದರೆ ಹರಳು ಕಾಲಬುಡಕ್ಕೆ ಬೀಳುತ್ತದೆ. ಸಣ್ಣಪುಟ್ಟ ಗಾಯ ಆಗಬಹುದು, ಆದರೆ ಮಾಮೂಲಿ ಗಾಜಿನಿಂದ ಆಗುವಂಥ ಆಳದ ಗಾಯ ಆಗುವುದು ಅಪರೂಪ. ಅಲ್ಲಿ ಟಫನ್ಡ್ ಸರಿಯಾದ ಆಯ್ಕೆ. ಬಾಲ್ಕನಿ ರೇಲಿಂಗ್ ಹಾಗಲ್ಲ. ಅಲ್ಲಿ ಗಾಜಿನ ಕೆಲಸ ಜನ ಕೆಳಗೆ ಬೀಳದಂತೆ ತಡೆಯುವುದು. ಒಂಟಿ ಟಫನ್ಡ್ ಗಾಜು ಒಡೆದ ಕ್ಷಣ ಅಲ್ಲಿ ರೇಲಿಂಗೇ ಇರುವುದಿಲ್ಲ. ಒರಗಿ ನಿಂತವರು ಗಾಜಿನ ಜೊತೆ ಹೋಗುತ್ತಾರೆ. ಕೆಳಗೆ ನಡೆಯುವವರ ತಲೆ ಮೇಲೆ ಹರಳು ಬಿಡಿಬಿಡಿಯಾಗೇ ಬೀಳುತ್ತದೆ ಅಂತಲೂ ಇಲ್ಲ. ಅಂಟಿಕೊಂಡ ದೊಡ್ಡ ಗಡ್ಡೆಗಳೇ ಬೀಳುತ್ತವೆ.

ಆದ್ದರಿಂದ ಮಂಜು ಅವರೇ, ಬಾಲ್ಕನಿಗೂ ಮೆಟ್ಟಿಲಿಗೂ ಲ್ಯಾಮಿನೇಟೆಡ್. ಎರಡು ಟಫನ್ಡ್ ಗಾಜಿನ ನಡುವೆ ಪಿ.ವಿ.ಬಿ. ಅನ್ನುವ ಪ್ಲಾಸ್ಟಿಕ್ ಪದರ ಹಾಕಿ ಒತ್ತಿ ಬೇಯಿಸಿರುತ್ತಾರೆ. ಒಂದು ಒಡೆದರೂ ಇನ್ನೊಂದು ನಿಂತಿರುತ್ತದೆ, ಚೂರು ಪದರಕ್ಕೆ ಅಂಟಿಕೊಂಡೇ ಇರುತ್ತದೆ. 12 ಎಂ.ಎಂ. ಒಂಟಿ ಗಾಜಿನ ಬದಲು 6, ನಡುವೆ 1.52 ಪದರ, ಮತ್ತೆ 6. ಇನ್ನೂ ಎತ್ತರ, ಅಗಲ ಇದ್ದರೆ 8 ಮತ್ತು 8. ಇದು ಅಂದಾಜು ಅಷ್ಟೇ, ನಿಮ್ಮ ಅಳತೆಗೆ ಲೆಕ್ಕ ಹಾಕಿಸಲೇಬೇಕು.

ಬೆಣ್ಣೆದೋಸೆ
ನಾನು ಮೊದಲೇ ಹೇಳಿದೆ, ಗ್ರಿಲ್.

ಸಿವಿಲ್ ಸಿದ್ದು
ಮೇಡಂ, ಸುಮ್ನೆ ಜನರನ್ನು ಹೆದರಿಸಬೇಡಿ. ಊರ ತುಂಬ ಒಂಟಿ ಟಫನ್ಡ್ ರೇಲಿಂಗ್ ಇದೆ, ಎಲ್ಲರೂ ಬೀಳುತ್ತಿದ್ದಾರಾ? ಲ್ಯಾಮಿನೇಟೆಡ್ ಅಂದರೆ ಖರ್ಚು ಎಲ್ಲಿಗೋ ಹೋಗುತ್ತದೆ. ಮಧ್ಯಮ ವರ್ಗದವರು ಮನೆ ಕಟ್ಟುವುದು ಬೇಡವಾ? 12 ಎಂ.ಎಂ. ಟಫನ್ಡ್ ಬೇಕಾದಷ್ಟು ಗಟ್ಟಿ. ನಾನೇ ಸುತ್ತಿಗೆಯಿಂದ ಹೊಡೆದು ಮಾಲೀಕರಿಗೆ ತೋರಿಸಿದ್ದೇನೆ.

ಫಸಾಡ್ ಪೂರ್ಣಿಮಾ
ಸುತ್ತಿಗೆಯಿಂದ ಮುಖಕ್ಕೆ ಹೊಡೆದಿರಿ. ಅಂಚಿಗೆ ಹೊಡೆದು ತೋರಿಸಿ ನೋಡೋಣ. ಗಟ್ಟಿ ಇಲ್ಲ ಅಂತ ನಾನು ಎಲ್ಲೂ ಹೇಳಿಲ್ಲ. ಖರ್ಚು ಕಡಿಮೆ ಮಾಡಬೇಕಾದರೆ ದಾರಿ ಇದೆ. ಒಂಟಿ ಗಾಜಿನ ಮುಂದೆ ಸ್ಟೀಲ್ ಕಂಬ, ಮೇಲೊಂದು ಹ್ಯಾಂಡ್‌ರೇಲ್, ನಡುವೆ ಒಂದೆರಡು ಅಡ್ಡಪಟ್ಟಿ ಹಾಕಿ. ಆಗ ಜನರನ್ನು ತಡೆಯುವುದು ಸ್ಟೀಲ್, ಗಾಜು ಬರೀ ಅಂದಕ್ಕೆ. ಸ್ಪಿಗಾಟ್ (ನೆಲಕ್ಕೆ ಕೂರಿಸಿ ಗಾಜಿನ ಬುಡ ಹಿಡಿಯುವ ಗಿಡ್ಡ ಲೋಹದ ಗೂಟ) ಮೇಲೆ ಒಂಟಿ ಗಾಜು ನಿಲ್ಲಿಸಿ, ಮೇಲೆ ಹ್ಯಾಂಡ್‌ರೇಲೂ ಇಲ್ಲದೆ ಬಿಡುತ್ತಾರಲ್ಲ, ಅದಕ್ಕೆ ನನ್ನ ವಿರೋಧ.

ಇನ್ನೊಂದು ವಿಷಯ. ಟಫನ್ ಮಾಡಿದ ಮಾತ್ರಕ್ಕೆ ಗಾಜು ಬಾಗುವುದು ಕಡಿಮೆಯಾಗಲ್ಲ. ಅದೇ ದಪ್ಪದ ಮಾಮೂಲಿ ಗಾಜು ಎಷ್ಟು ಬಾಗುತ್ತದೋ ಇದೂ ಅಷ್ಟೇ ಬಾಗುತ್ತದೆ, ಒಡೆಯುವುದು ಮಾತ್ರ ತಡ. ಆದ್ದರಿಂದ "ಟಫನ್ಡ್ ಅಲ್ವಾ, 8 ಎಂ.ಎಂ. ಸಾಕು" ಅಂತ ತೆಳು ಮಾಡಿದರೆ ಒರಗಿದಾಗ ಅಲ್ಲಾಡುತ್ತದೆ.

ಮೆಟೀರಿಯಲ್ ಮೇಷ್ಟ್ರು
ಪೂರ್ಣಿಮಾ ಅವರಿಗೆ ಒಂದು ಸೇರಿಸುತ್ತೇನೆ. ಎರಡೂ ಟಫನ್ಡ್ ಇರುವ ಲ್ಯಾಮಿನೇಟೆಡ್‌ನಲ್ಲಿ ಎರಡೂ ಒಡೆದರೆ ಹಾಳೆ ಜೋತುಬೀಳುತ್ತದೆ, ಚೂರು ಅಷ್ಟು ಸಣ್ಣದಲ್ವಾ. ಅದಕ್ಕೇ ಕೆಲವು ಕಡೆ ಹೀಟ್ ಸ್ಟ್ರೆಂಗ್ತನ್ಡ್ ಗಾಜು ಬಳಸುತ್ತಾರೆ. ಅದನ್ನು ನಿಧಾನವಾಗಿ ತಣಿಸಿರುತ್ತಾರೆ, ಗಟ್ಟಿತನ ಮಾಮೂಲಿ ಗಾಜಿನ ಎರಡು ಪಟ್ಟು, ತುಂಡು ದೊಡ್ಡದು. ಪದರಕ್ಕೆ ಅಂಟಿ ಚೆನ್ನಾಗಿ ನಿಲ್ಲುತ್ತದೆ. ನಿಕ್ಕಲ್ ಕಾಟವೂ ಕಡಿಮೆ. ಆದರೆ ಅದನ್ನು ಒಂಟಿಯಾಗಿ ಸೇಫ್ಟಿ ಗ್ಲಾಸ್ ಅಂತ ಬಳಸುವ ಹಾಗಿಲ್ಲ.

ಶಿರಸಿ ಸೀಮೆ
ನಮ್ಮ ಕಡೆ ಮಳೆ, ತೇವ ಜಾಸ್ತಿ. ಲ್ಯಾಮಿನೇಟೆಡ್ ಅಂಚಿನಲ್ಲಿ ಬೆಳ್ಳಗೆ ಮಂಜು ಕಟ್ಟಿದ ಹಾಗೆ ಆಗಿದ್ದು ನೋಡಿದ್ದೇನೆ. ಅದು ಯಾಕೆ?

ಫಸಾಡ್ ಪೂರ್ಣಿಮಾ
ಪಿ.ವಿ.ಬಿ. ತೇವ ಹೀರುತ್ತದೆ. ಅಂಚು ತೆರೆದಿದ್ದು, ಗಾಜಿನ ಬುಡ ಕೂರುವ ಲೋಹದ ಯು ಚಾನೆಲ್‌ನಲ್ಲಿ ನೀರು ನಿಂತರೆ ಪದರ ಬಿಡುತ್ತ ಬರುತ್ತದೆ. ಚಾನೆಲ್‌ಗೆ ನೀರು ಹೊರಹೋಗಲು ತೂತು ಇಡಿಸಿ. ಸಂದು ಮುಚ್ಚುವ ಕೆಲವು ಅಗ್ಗದ ಸಿಲಿಕಾನ್ ಅಂಟು ಹುಳಿ ವಾಸನೆ ಬರುತ್ತದೆ, ಅದನ್ನು ಲ್ಯಾಮಿನೇಟೆಡ್ ಅಂಚಿಗೆ ಹಚ್ಚಬಾರದು. ನ್ಯೂಟ್ರಲ್ ಸಿಲಿಕಾನ್ ಕೇಳಿ.

ಮಂಗಳಮ್ಮನ ಅಡುಗೆಮನೆ
ಗ್ಯಾಸ್ ಒಲೆ ವಿಷಯ ಎಲ್ಲರೂ ಮರೆತೇಬಿಟ್ಟಿರಿ! ನಮ್ಮನೆಯಲ್ಲೂ ಗ್ಲಾಸ್ ಟಾಪ್. ಈಗ ಹೆದರಿಕೆ ಶುರುವಾಯಿತು. ಏನು ಮಾಡಬೇಕು ಹೇಳಿ.

ಮೆಟೀರಿಯಲ್ ಮೇಷ್ಟ್ರು
ಅಮ್ಮ, ಮಾಮೂಲಿ ಗಾಜು ಸುಮಾರು 40 ಡಿಗ್ರಿ ವ್ಯತ್ಯಾಸಕ್ಕೇ ಬಿರುಕು ಬಿಡಬಹುದು. ಟಫನ್ಡ್ 200 ಡಿಗ್ರಿವರೆಗೂ ತಡೆಯುತ್ತದೆ. ಒಲೆಗೆ ಅದನ್ನು ಹಾಕಿದ್ದು ಅದಕ್ಕೇ. ಆದರೆ ಬೆಂಕಿಯ ಶಾಖ ಅದಕ್ಕಿಂತ ಎಷ್ಟೋ ಜಾಸ್ತಿ. ಬರ್ನರ್ ಸರಿಯಾಗಿ ಕೂರದೆ ಬೆಂಕಿ ಗಾಜಿನ ಅಡಿಗೆ ಹೋದರೆ, ಅಥವಾ ದೊಡ್ಡ ಹಂಡೆ, ಕಾವಲಿ ಇಟ್ಟು ಶಾಖ ಕೆಳಮುಖ ಆದರೆ ಒಂದೇ ಜಾಗ ವಿಪರೀತ ಕಾಯುತ್ತದೆ.

ಹುಬ್ಬಳ್ಳಿ ಹುಡುಗ
ನಮ್ಮ ಒಲೆಯ ಎಡಗಡೆ ಬರ್ನರ್ ವಾಲಿಕೊಂಡಿತ್ತು. ರಿಪೇರಿಯವನಿಗೆ ಹೇಳಿದರೆ "ಏನೂ ಆಗಲ್ಲ" ಅಂದು ಹೋಗಿದ್ದ.

ಅಡುಗೆ ಅನಸೂಯ
ಮಂಗಳಮ್ಮ, ನಾನು ಪಾಲಿಸುವುದು ಇಷ್ಟು. ಬಿಸಿ ಇರುವಾಗ ಒದ್ದೆ ಬಟ್ಟೆ ಮುಟ್ಟಿಸಲ್ಲ. ಹಾಲು ಉಕ್ಕಿದರೂ ಆರುವ ತನಕ ಕಾಯುತ್ತೇನೆ. ಕುಕ್ಕರ್ ಎತ್ತಿ ಕುಕ್ಕಲ್ಲ. ಉರಿ ನೀಲಿಯಾಗಿ ನೆಟ್ಟಗೆ ಇದೆಯಾ ನೋಡುತ್ತೇನೆ. ಹಬ್ಬಕ್ಕೆ ದೊಡ್ಡ ಪಾತ್ರೆ ಇಡಬೇಕಾದರೆ ಹಳೇ ಸ್ಟೀಲ್ ಒಲೆ ಹೊರಗೆ ಬರುತ್ತದೆ. ಅಟ್ಟದ ಮೇಲೆ ಇಟ್ಟಿದ್ದೇನೆ, ಕೊಟ್ಟಿಲ್ಲ.

ಶಿರಸಿ ಸೀಮೆ
ಹಾಗಾದರೆ ಓವನ್‌ನಲ್ಲಿ ಇಡುವ ಗಾಜಿನ ಪಾತ್ರೆಯೂ ಟಫನ್ಡಾ?

ಮೆಟೀರಿಯಲ್ ಮೇಷ್ಟ್ರು
ಎರಡು ಬಗೆ ಇದೆ. ಬೊರೊಸಿಲಿಕೇಟ್ ಗಾಜು ಬಿಸಿಗೆ ಹಿಗ್ಗುವುದೇ ಮಾಮೂಲಿ ಗಾಜಿನ ಮೂರನೇ ಒಂದು ಭಾಗ, ಅದಕ್ಕೇ ತಡೆಯುತ್ತದೆ. ಕಾಲೇಜಿನ ಲ್ಯಾಬಿನ ಬೀಕರ್ ಅದೇ. ಇನ್ನೊಂದು, ಮಾಮೂಲಿ ಗಾಜನ್ನೇ ಟೆಂಪರ್ ಮಾಡಿದ್ದು. ಅದು ಕೈಜಾರಿ ಬಿದ್ದರೆ ಬೇಗ ಒಡೆಯಲ್ಲ. ಓವನ್‌ನಿಂದ ತೆಗೆದು ಒದ್ದೆ ಕಟ್ಟೆ ಮೇಲೆ ಇಡಬಾರದು ಅನ್ನುವುದು ಎರಡಕ್ಕೂ ಒಂದೇ.

ಸ್ಕ್ರೀನ್ ಗಾರ್ಡ್ ಸೀನ
ಮೊಬೈಲಿಗೆ ಹಾಕುವ ಟೆಂಪರ್ಡ್ ಗ್ಲಾಸ್ 9ಎಚ್ ಇರುತ್ತಲ್ಲ, ವಜ್ರಕ್ಕಿಂತ ಒಂದೇ ನಂಬರ್ ಕಡಿಮೆ. ಅದನ್ನೇ ದಪ್ಪ ಮಾಡಿ ಬಾಲ್ಕನಿಗೆ ಹಾಕಿದರೆ ಆಯಿತಪ್ಪ!

ಮೆಟೀರಿಯಲ್ ಮೇಷ್ಟ್ರು
ಸೀನ, ವಜ್ರ 10 ಅನ್ನುವುದು ಮೋಸ್ ಅಳತೆ, ಖನಿಜಗಳ ಗಡಸುತನ ಹೇಳುವುದು. 9ಎಚ್ ಅನ್ನುವುದು ಪೆನ್ಸಿಲ್ ಅಳತೆ. 9ಎಚ್ ಪೆನ್ಸಿಲ್‌ನಿಂದ ಗೀರಿದರೆ ಗೆರೆ ಬೀಳಲ್ಲ ಅಂತ ಅಷ್ಟೇ. ಮಾಮೂಲಿ ಗಾಜಿಗೂ ಬೀಳಲ್ಲ! ಟೆಂಪರ್ ಮಾಡಿದರೆ ಗೀರು ತಡೆಯುವ ಗುಣ ಹೆಚ್ಚಾಗಲ್ಲ. ಜೇಬಿನಲ್ಲಿ ಮರಳಿದ್ದರೆ ಮೊಬೈಲಿನ ಗಾಜೂ ಗೀರುತ್ತದೆ, ಶವರ್ ಗಾಜನ್ನು ಸ್ಟೀಲ್ ಸ್ಕ್ರಬ್ಬರ್‌ನಿಂದ ತಿಕ್ಕಿದರೆ ಅದೂ ಗೀರುತ್ತದೆ.

ಅಷ್ಟು ತೆಳು ಗಾಜಿಗೆ ಗಾಳಿ ಹೊಡೆದು ಟೆಂಪರ್ ಮಾಡುವುದು ಕಷ್ಟ. ಒಳಗೂ ಹೊರಗೂ ಒಟ್ಟಿಗೇ ತಣ್ಣಗಾಗಿಬಿಡುತ್ತದೆ. ಫೋನಿನ ಗೊರಿಲ್ಲಾ ಗ್ಲಾಸ್ ಥರದ್ದನ್ನು ಸುಮಾರು 400 ಡಿಗ್ರಿಯಲ್ಲಿ ಕರಗಿದ ಪೊಟ್ಯಾಸಿಯಂ ಉಪ್ಪಿನಲ್ಲಿ ಅದ್ದುತ್ತಾರೆ. ಸಣ್ಣ ಸೋಡಿಯಂ ಹೊರಗೆ, ದೊಡ್ಡ ಪೊಟ್ಯಾಸಿಯಂ ಒಳಗೆ. ಅದೇ ಜಾಗದಲ್ಲಿ ದೊಡ್ಡದು ತುರುಕಿಕೊಂಡು ಒತ್ತಡ ಹುಟ್ಟುತ್ತದೆ.

ಸ್ಕ್ರೀನ್ ಗಾರ್ಡ್ ಸೀನ
ನೂರು ರೂಪಾಯಿ ಗಾರ್ಡಿಗೆ ಇಷ್ಟು ಪಾಠನಾ ಸಾರ್ 🙏

ಬಾಸ್ಟನ್ ಭಟ್ಟ
ನಾನಿರುವ ಊರಿನ ಕಥೆ ಹೇಳಲೇಬೇಕು. ಇಲ್ಲಿ ಜಾನ್ ಹ್ಯಾಂಕಾಕ್ ಟವರ್ ಅಂತ 60 ಮಹಡಿಯ ಗಾಜಿನ ಕಟ್ಟಡ. 1973ರ ಹೊತ್ತಿಗೆ ಇನ್ನೂ ಕಟ್ಟಿ ಮುಗಿಯುವ ಮೊದಲೇ ಗಾಜುಗಳು ಒಡೆದು ಬೀಳಲು ಶುರುವಾದವು. ಒಂದೊಂದೂ 200 ಕೆ.ಜಿ.ಗಿಂತ ಭಾರ. ಬಿದ್ದ ಜಾಗಕ್ಕೆಲ್ಲ ಪ್ಲೈವುಡ್ ಹೊಡೆದು, ಜನ ಅದನ್ನು ಪ್ಲೈವುಡ್ ಅರಮನೆ ಅಂತ ಗೇಲಿ ಮಾಡಿದರು. ಕಾರಣ ಗಾಜು ಮೆತ್ತಗಿದ್ದದ್ದಲ್ಲ. ಜೋಡಿ ಗಾಜಿನ ನಡುವಿನ ಬೆಸುಗೆ ತೀರ ಬಿಗಿಯಾಗಿತ್ತು, ಗಾಳಿಗೆ, ಬಿಸಿಲಿಗೆ ಗಾಜು ಅಲುಗಾಡಲು ಬಿಡಲಿಲ್ಲ. ಕೊನೆಗೆ 10,344 ಗಾಜನ್ನೂ ತೆಗೆದು ಒಂಟಿ ಟೆಂಪರ್ಡ್ ಗಾಜು ಹಾಕಿದರು.

ಕರಾವಳಿ ಕಿಟ್ಟಿ
ನೋಡಿ! ಅಲ್ಲೂ ಫಿಟ್ಟಿಂಗೇ ಕಾರಣ. ನಾನು ಏನು ಹೇಳಿದೆ?

ಮೆಟೀರಿಯಲ್ ಮೇಷ್ಟ್ರು
ಕಥೆ ಅಂದರೆ ಇನ್ನೊಂದಿದೆ. ಕರಗಿದ ಗಾಜಿನ ಹನಿಯನ್ನು ತಣ್ಣೀರಿಗೆ ಬಿಟ್ಟರೆ ಬಾಲ ಇರುವ ಗೊದಮೊಟ್ಟೆ ಆಕಾರ ಬರುತ್ತದೆ. ಪ್ರಿನ್ಸ್ ರೂಪರ್ಟ್ ಹನಿ ಅಂತ ಹೆಸರು. 1660ರಲ್ಲಿ ಆ ರಾಜಕುಮಾರ ಇಂಗ್ಲೆಂಡಿಗೆ ತಂದು ಎರಡನೇ ಚಾರ್ಲ್ಸ್ ರಾಜನಿಗೆ ಕೊಟ್ಟ. ತಲೆಗೆ ಸುತ್ತಿಗೆಯಿಂದ ಹೊಡೆದರೂ ಏನೂ ಆಗಲ್ಲ. ಬಾಲದ ತುದಿ ಮುರಿದರೆ ಇಡೀ ಹನಿ ಪುಡಿ. ಪರ್ಡ್ಯೂ ವಿಶ್ವವಿದ್ಯಾಲಯದ ಶ್ರೀನಿವಾಸನ್ ಚಂದ್ರಶೇಖರ್ ಮತ್ತು ಕೇಂಬ್ರಿಜ್‌ನ ಮುನವರ್ ಚೌಧ್ರಿ 1994ರಲ್ಲಿ ಅತಿ ವೇಗದ ಕ್ಯಾಮೆರಾದಲ್ಲಿ ಹಿಡಿದು ನೋಡಿದರು. ಬಿರುಕು ಸೆಕೆಂಡಿಗೆ ಒಂದು ಕಿಲೋಮೀಟರಿಗಿಂತ ಜಾಸ್ತಿ ವೇಗದಲ್ಲಿ ಓಡುತ್ತಿತ್ತು. ಮನೆಯಲ್ಲಿ ಪ್ರಯೋಗ ಮಾಡಬೇಡಿ, ಕಣ್ಣು ಹೋಗುತ್ತದೆ.

ರಾತ್ರಿಪಾಳಿ ರಘು
ಕಾರಿನ ಗಾಜಿನ ಬಗ್ಗೆ ಯಾರೂ ಮಾತಾಡಲಿಲ್ಲ. 2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ಮಳೆನೀರು ತುಂಬಿ ಕಾರು ಸಿಕ್ಕಿಕೊಂಡು ಒಬ್ಬ ಯುವತಿ ತೀರಿಕೊಂಡರಲ್ಲ, ಅವತ್ತಿನಿಂದ ನಾನು ಕಾರಿನಲ್ಲಿ ಗಾಜು ಒಡೆಯುವ ಸುತ್ತಿಗೆ ಇಟ್ಟುಕೊಂಡಿದ್ದೇನೆ. ಯಾವ ಗಾಜು ಒಡೆಯಬೇಕು?

ಗಾಜಿನಂಗಡಿ ಮಗ
ಮುಂದಿನ ಗಾಜು ಬೇಡವೇ ಬೇಡ, ಅದು ಲ್ಯಾಮಿನೇಟೆಡ್. ಎಷ್ಟು ಹೊಡೆದರೂ ಬಲೆ ಬಲೆ ಆಗಿ ನಿಂತಿರುತ್ತದೆ. ಪಕ್ಕದ ಬಾಗಿಲಿನದು ಹೆಚ್ಚಿನ ಕಾರುಗಳಲ್ಲಿ ಟಫನ್ಡ್. ನಟ್ಟನಡುವೆ ಹೊಡೆಯಬೇಡಿ, ಅಂಚಿನ ಹತ್ತಿರ, ಮೂಲೆಯಲ್ಲಿ. ಬಲ ಮುಖ್ಯ ಅಲ್ಲ, ಮೊನೆ ಮುಖ್ಯ. ಒಂದು ಚುಕ್ಕೆಯಷ್ಟು ಜಾಗದಲ್ಲಿ ಆ ಒತ್ತಡದ ಪದರ ದಾಟಿದರೆ ಸಾಕು.

ಬಾಸ್ಟನ್ ಭಟ್ಟ
ಈಗ ಕೆಲವು ಕಾರುಗಳಲ್ಲಿ ಪಕ್ಕದ ಗಾಜೂ ಲ್ಯಾಮಿನೇಟೆಡ್ ಬರುತ್ತಿದೆ, ಸದ್ದು ಕಡಿಮೆ ಆಗಲಿ ಅಂತ. ಅಮೆರಿಕದ ವಾಹನ ಸವಾರರ ಸಂಘ ಎ.ಎ.ಎ. 2019ರಲ್ಲಿ ಆರು ಥರದ ಸಾಧನ ಪರೀಕ್ಷೆ ಮಾಡಿತು. ಟೆಂಪರ್ಡ್ ಗಾಜನ್ನು ಒಡೆದದ್ದು ನಾಲ್ಕು ಮಾತ್ರ. ಲ್ಯಾಮಿನೇಟೆಡ್ ಅನ್ನು ಒಂದೂ ಒಡೆಯಲಿಲ್ಲ. ಗಾಜಿನ ಮೂಲೆಯಲ್ಲಿ ಯಾವುದು ಅಂತ ಬರೆದಿರುತ್ತದೆ, ಈಗಲೇ ಹೋಗಿ ನೋಡಿ. ನೀರು ಬಂದ ಮೇಲೆ ಓದುತ್ತ ಕೂರಲು ಆಗಲ್ಲ.

ರಾತ್ರಿಪಾಳಿ ರಘು
ನೋಡಿ ಬಂದೆ. ಪಕ್ಕದ್ದು ಟೆಂಪರ್ಡ್. ಸುತ್ತಿಗೆ ಡಿಕ್ಕಿಯಲ್ಲಿತ್ತು, ಸೀಟಿನ ಪಕ್ಕಕ್ಕೆ ತಂದಿಟ್ಟೆ.

ದಾವಣಗೆರೆ ಮಂಜು
ಅಬ್ಬಾ, ಒಂದು ದಿನ ಬಿಟ್ಟು ಬಂದರೆ ಇಂಗ್ಲೆಂಡ್ ರಾಜನವರೆಗೆ ಹೋಗಿದ್ದೀರಿ! ಬಾತ್‌ರೂಮಿಗೆ ಟಫನ್ಡ್, ಬಾಲ್ಕನಿಗೆ ಹ್ಯಾಂಡ್‌ರೇಲ್ ಸಮೇತ ಲ್ಯಾಮಿನೇಟೆಡ್ ಅಂತ ಎಂಜಿನಿಯರ್‌ಗೆ ಹೇಳಿದ್ದೇನೆ. ಮುಖ ಸಿಂಡರಿಸಿದರು, ಇರಲಿ. ಈಗ ಬರುವ ಗಾಜು ನಿಜವಾಗಿಯೂ ಟಫನ್ಡಾ ಅಂತ ಒಡೆಯದೆ ಕಂಡುಹಿಡಿಯುವುದು ಹೇಗೆ?

ಗಾಜಿನಂಗಡಿ ಮಗ
ಮೂಲೆಯಲ್ಲಿ ಅಳಿಸಲಾಗದ ಮುದ್ರೆ ಇರಬೇಕು. ಐ.ಎಸ್.ಐ. ಗುರುತು, ಅದರ ಜೊತೆ ಐ.ಎಸ್. 2553. ಕಟ್ಟಡದ ಸೇಫ್ಟಿ ಗ್ಲಾಸಿಗೆ ಅದರ ಮೊದಲ ಭಾಗ, ವಾಹನಕ್ಕೆ ಎರಡನೇ ಭಾಗ. ಸ್ಟಿಕ್ಕರ್ ನಂಬಬೇಡಿ. ಇನ್ನೊಂದು ಉಪಾಯ, ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಬಿಸಿಲಲ್ಲಿ ಓರೆಯಾಗಿ ನೋಡಿ. ಟಫನ್ಡ್ ಆಗಿದ್ದರೆ ಸಾಲು ಸಾಲು ಮಸುಕು ಕಲೆ, ಪಟ್ಟೆ ಕಾಣುತ್ತದೆ. ಗಾಳಿ ಹೊಡೆದ ಗುರುತು ಅದು, ದೋಷ ಅಲ್ಲ.

ಫಸಾಡ್ ಪೂರ್ಣಿಮಾ
ಹೀಟ್ ಸೋಕ್ ಮಾಡಿದ್ದಾ ಅಂತಲೂ ಕೇಳಿ. ಟಫನ್ ಆದ ಗಾಜನ್ನು ಮತ್ತೆ ಓವನ್‌ಗೆ ಹಾಕಿ 260ರಿಂದ 290 ಡಿಗ್ರಿ ಆಸುಪಾಸಿನಲ್ಲಿ ಕೆಲವು ಗಂಟೆ ಇಡುತ್ತಾರೆ. ನಿಕ್ಕಲ್ ಕಣ ಇದ್ದರೆ ಬಹುಪಾಲು ಅಲ್ಲೇ ಒಡೆಯುತ್ತದೆ. ನೂರಕ್ಕೆ ನೂರು ಗ್ಯಾರಂಟಿ ಅಲ್ಲ, ಆದರೆ ನಿಮ್ಮ ಬಾತ್‌ರೂಮಿನಲ್ಲಿ ಒಡೆಯುವ ಬದಲು ಅವರ ಕಾರ್ಖಾನೆಯಲ್ಲಿ ಒಡೆಯಲಿ.

ಸಿವಿಲ್ ಸಿದ್ದು
ಮತ್ತೆ ಖರ್ಚು.

ಫಸಾಡ್ ಪೂರ್ಣಿಮಾ
ಬಾತ್‌ರೂಮಿಗೆ ಅದು ಬೇಡ ಅನ್ನುವವರು ಗಾಜಿನ ಒಳಮೈಗೆ ಸೇಫ್ಟಿ ಫಿಲ್ಮ್ ಅಂಟಿಸಿಕೊಳ್ಳಿ. ಒಡೆದರೂ ಹರಳು ಚೆಲ್ಲುವುದು ಕಡಿಮೆ.

ಶಿರಸಿ ಸೀಮೆ
ಅಡುಗೆಮನೆ ಬಾಗಿಲಿಗೂ ಟಫನ್ಡ್ ಹಾಕಿದರೆ ಬೆಂಕಿ ಬಿದ್ದಾಗಲೂ ತಡೆಯುತ್ತದೆ, ಅಲ್ವಾ? 200 ಡಿಗ್ರಿ ಅಂದಿರಲ್ಲ.

ಫಸಾಡ್ ಪೂರ್ಣಿಮಾ
ಇಲ್ಲ. ಮನೆಗೆ ಬೆಂಕಿ ಬಿದ್ದರೆ 200 ಡಿಗ್ರಿ ಎಲ್ಲ ನಿಮಿಷಗಳ ಮಾತು. ಫೈರ್ ರೇಟೆಡ್ ಗಾಜೇ ಬೇರೆ. ಹಾಗೇ ಹಳೇ ಕಟ್ಟಡಗಳಲ್ಲಿ ತಂತಿ ಬಲೆ ಇರುವ ಗಾಜು ನೋಡಿರುತ್ತೀರಿ. ಅದು ಬೆಂಕಿಯಲ್ಲಿ ಚೂರು ಹಿಡಿದುಕೊಳ್ಳಲಿ ಅಂತ. ಅದನ್ನು ಗಟ್ಟಿ ಅಂತ ತಿಳಿದು ಮಕ್ಕಳು ಓಡಾಡುವ ಬಾಗಿಲಿಗೆ ಹಾಕುತ್ತಾರೆ. ಮಾಮೂಲಿ ತಂತಿ ಗಾಜು ಮಾಮೂಲಿ ಗಾಜಿಗಿಂತ ಗಟ್ಟಿಯೇನೂ ಅಲ್ಲ, ಕೈ ತೂರಿದರೆ ತಂತಿಯೂ ಗಾಯ ಮಾಡುತ್ತದೆ.

ಮಂಗಳಮ್ಮನ ಅಡುಗೆಮನೆ
ಇನ್ನೊಂದು ಕೇಳಿಬಿಡುತ್ತೇನೆ. ನಮ್ಮ ಹಳೇ ಊಟದ ಮೇಜಿನ ಮೇಲಿನ 12 ಎಂ.ಎಂ. ಗಾಜು ಇದೆ, ಮೇಜು ಗೆದ್ದಲು ಹಿಡಿದು ಹೋಯಿತು. ಗಾಜನ್ನು ಮೂರು ತುಂಡು ಮಾಡಿಸಿ ಶೋಕೇಸಿಗೆ ಹಾಕಿಸೋಣ ಅಂತ. ಮಗ ಆಗಲ್ಲ ಅಂತಾನೆ.

ಗಾಜಿನಂಗಡಿ ಮಗ
ಮೊದಲು ಮೂಲೆಯಲ್ಲಿ ಮುದ್ರೆ ಇದೆಯಾ ನೋಡಿ. ಹಳೇ ಮೇಜಿನ ಗಾಜು ಎಷ್ಟೋ ಸಲ ಮಾಮೂಲಿಯದೇ ಇರುತ್ತದೆ, ಆಗ ಆರಾಮಾಗಿ ಕಟ್ ಆಗುತ್ತದೆ. ಮುದ್ರೆ ಇಲ್ಲದಿದ್ದರೆ ಮಗನ ಪೋಲರೈಸ್ಡ್ ಕನ್ನಡಕ ಹಾಕಿ ಬಿಸಿಲಲ್ಲಿ ನೋಡಿ. ಪಟ್ಟೆ ಕಂಡರೆ ಕಟರ್ ಮುಟ್ಟಿಸಬೇಡಿ. ಅದೇ ಅಳತೆಗೆ ಹೊಸ ಕಾಲು ಮಾಡಿಸಿ, ಗಾಜಿನ ಅಡಿಗೆ ರಬ್ಬರ್ ಬುಷ್ ಹಾಕಿಸಿ.

ಮಂಗಳಮ್ಮನ ಅಡುಗೆಮನೆ
ಮುದ್ರೆ ಇದೆ. ಬಡಗಿಯ ನಂಬರ್ ಹುಡುಕುತ್ತಿದ್ದೇನೆ.